ಸುರಂಗದ ಬಾಯಲ್ಲಿ ಒಂದು ಬಾಣ

"ನಿವೆಸ್, ಕೇಳಿದ್ಯಾ? ನಿಮ್ಮಕ್ಕ ಒಪ್ಕೊಂಡ್ಬಿಟ್ಲಂತೆ! ಬೋರ್ಡ್ ತಿರುಗ್ಸಿದ್ದು ನಾನೇ ಅಂತ. ನಿನ್ನೆ ಸಂಜೆ ತಾನಾಗೇ ಠಾಣೆಗೆ ಹೋಗಿ, ಪೊಲೀಸ್ ದೊಡ್ಡವ್ನು ಮಾರೆಶಾಲ್ಲೊ ಎದುರು ಕುರ್ಚಿ ಎಳ್ಕೊಂಡು ಕೂತು, ಅವ್ನು ಬಾಯಿ ಬಿಡೋಕ್ ಮುಂಚೇನೇ!"

"ಯಾರಂದ್ರು?"

"ಅವ್ನ ಹೆಂಡ್ತೀನೇ ಅಂದ್ಲು, ಆರು ಗಂಟೆಗೆ ಬ್ರೆಡ್ ತಗೊಳ್ಳೋಕೆ ಬಂದಾಗ. ಇಷ್ಟೊತ್ತಿಗೆ ಊರಲ್ಲಿ ಗೊತ್ತಿಲ್ದೆ ಇರೋದು ನಿಂಗೊಬ್ಳಿಗೇ. ಮೇಲ್ಗಡೆ ಕೂತಿರ್ತೀಯಲ್ಲ, ಗೂಬೆ ಥರ."

ಬೇಕರಿಯ ಫುಲ್ವಿಯೊ ಬ್ರೆಡ್ಡಿನ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ತನ್ನ ಮೂರು ಚಕ್ರದ ಗಾಡಿಯ ಕಡೆಗೊಮ್ಮೆ, ಸ್ಟೇಷನ್ನಿನ ಹಳೆಯ ಗಡಿಯಾರದ ಕಡೆಗೊಮ್ಮೆ ನೋಡಿದ. ಸೈಕಲ್ ದಾರಿಯ ಮೇಲೆ ಮೋಟಾರು ಗಾಡಿ ಓಡಿಸಲು ಇಡೀ ಕ್ಲಾವಿಸ್ ಊರಿನಲ್ಲಿ ಅವನೊಬ್ಬನಿಗೆ ಅಪ್ಪಣೆಯಿತ್ತು, ಅದೂ ಬೆಳಿಗ್ಗೆ ಏಳರವರೆಗೆ. ಏಳಕ್ಕೆ ಇನ್ನೂ ಐದು ನಿಮಿಷವಿದ್ದುದರಿಂದ ಆ ಐದು ನಿಮಿಷವನ್ನೂ ಅವನು ನಿವೆಸಳ ಮುಖ ನೋಡುವುದಕ್ಕೆ ಖರ್ಚು ಮಾಡುವವನಿದ್ದ.

"ಏನೂ ಅನ್ನಲ್ವಾ? ನಿಂಗಂತೂ ಹಾಲು ಕುಡ್ದಷ್ಟು ಸಂತೋಷ ಆಗಿರ್ಬೇಕು. ಬೇಸ್ಗೆ ಪೂರ್ತಿ ಇಬ್ರೂ ಹಾವು ಮುಂಗುಸಿ ಆಗಿದ್ರಿ."

"ಬ್ರೆಡ್ ತಣ್ಣಗಿದೆ," ಎಂದಳು ನಿವೆಸ್.

"ಸುದ್ದಿ ಬಿಸಿ ಇತ್ತಲ್ಲ, ಸಾಕು," ಎಂದು ಅವನು ಗಾಡಿ ಹತ್ತಿ, ಕೈಯೆತ್ತಿ, ಬರುವಾಗ ಹೋಗುವಾಗ ಊರವರೆಲ್ಲ ಅನ್ನುವ ಹಾಗೆ "ಮಾಂಡಿ" ಅಂದು, ಕಬ್ಬಿಣದ ಸೇತುವೆಯ ಮೇಲೆ ಗಡಗಡ ಸದ್ದು ಮಾಡುತ್ತ ಹೊರಟುಹೋದ.

ಅವಳು ಬ್ರೆಡ್ಡನ್ನು ಎಣಿಸದೆ ಒಳಗೆ ತಂದಳು. ಎಣಿಸಬೇಕೆಂಬುದು ನೆನಪಾದದ್ದು ಕತ್ತರಿಸಲು ಕುಳಿತ ಮೇಲೆ. ಒಪ್ಪಿಕೊಂಡಳಂತೆ. ಏನನ್ನು? ಮಂಗಳವಾರ ಮಧ್ಯಾಹ್ನ ಒಂದೂಕಾಲಿಗೆ ಇಡೀ ಊರು ಕಿಟಕಿ ಬಾಗಿಲು ಎಳೆದುಕೊಂಡು ಊಟ ಮುಗಿಸಿ ಬಿದ್ದುಕೊಂಡಿದ್ದಾಗ, ಎಪ್ರನ್ನಿನ ಜೇಬಿನಲ್ಲಿ ಸ್ಪ್ಯಾನರ್ ಇಟ್ಟುಕೊಂಡು ಸೇತುವೆ ದಾಟಿ ಸುರಂಗದ ಬಾಯಿಯವರೆಗೆ ಹೋದದ್ದು ಈ ಕಾಲುಗಳು. ಬೋಲ್ಟು ಸಡಿಲಿಸಿದ್ದು ಈ ಕೈ. ಬಿಸಿಲಿಗೆ ಕಾದಿದ್ದ ತಗಡು ಬೆರಳನ್ನು ಸುಟ್ಟದ್ದಕ್ಕೆ ಹೆಬ್ಬೆರಳಿನ ಕೆಳಗೆ ಇನ್ನೂ ಕೆಂಪು ಗೆರೆಯಿದೆ. ಅದನ್ನು ಅಕ್ಕ ಲೊರೆಟ್ಟಾ ಹೇಗೆ ಒಪ್ಪಿಕೊಂಡಾಳು? ಇನ್ನೊಬ್ಬರ ಹಲ್ಲುನೋವನ್ನು ತನ್ನದು ಅಂದ ಹಾಗೆ. ಮೂರು ರಾತ್ರಿ ಹೊಟ್ಟೆಯೊಳಗೆ ಇಟ್ಟುಕೊಂಡು, ಮಗ್ಗುಲಾದಾಗಲೆಲ್ಲ ಅದರ ಮೂಲೆ ಚುಚ್ಚಿಸಿಕೊಂಡು ಮಲಗಿದ್ದಳು ಅವಳು. ಈಗ ನೋಡಿದರೆ ಅದೂ ಲೊರೆಟ್ಟಾಳ ಪಾಲಾಗಿತ್ತು. ಅಮ್ಮನ ಹೊಲಿಗೆ ಮೆಷಿನ್ನು, ಅಪ್ಪನ ರೈಲ್ವೆ ಕೋಟು, ಚರ್ಚಿನಲ್ಲಿ ಕಂಬದ ಪಕ್ಕದ ಜಾಗ, ಎಲ್ಲ ಅವಳ ಪಾಲಿಗೇ ಹೋದ ಹಾಗೆ. ಸಿಟ್ಟು ಬಂತು. ಸಮಾಧಾನ ಬರಬೇಕಿತ್ತು, ಬಂದದ್ದು ಸಿಟ್ಟು. ಸಮಾಧಾನವೂ ಬಂದಿತ್ತು ಅನ್ನುವುದು ಗೊತ್ತಾದದ್ದು ಆಮೇಲೆ, ತಾನು ಸಣ್ಣಗೆ ಏನೋ ಗುನುಗುತ್ತ ಬ್ರೆಡ್ ಕೊಯ್ಯುತ್ತಿದ್ದೇನೆಂದು ಕಿವಿಗೆ ಬಿದ್ದಾಗ. ಚಾಕು ಕೆಳಗಿಟ್ಟಳು.

ಆ ಬೋರ್ಡಿನ ಕತೆ ಇಷ್ಟೇ. ರೈಲು ನಿಂತುಹೋಗಿ, ಹಳಿ ಕಿತ್ತು, ಜಲ್ಲಿಯ ಮೇಲೆ ಡಾಂಬರು ಎಳೆದು, ಆಲ್ಪ್ಸ್ ಬೆಟ್ಟದಾಚೆಯಿಂದ ಗ್ರಾದೊ ಸಮುದ್ರದವರೆಗೆ ಸೈಕಲ್ ದಾರಿ ಮಾಡಿದ ಮೇಲೆ, ಗಡಿಯಾಚೆಯ ಜನ ಬಣ್ಣಬಣ್ಣದ ಚೀಲ ಕಟ್ಟಿಕೊಂಡು ಬೇಸಿಗೆಯುದ್ದಕ್ಕೂ ನೀರಿನ ಹಾಗೆ ಇಳಿದು ಬರುತ್ತಿದ್ದರು. ಸುರಂಗ ದಾಟಿ ಹೊರಬಂದರೆ ಮೂರು ದಾರಿ. ನೇರ ಹೋದರೆ ಸೇತುವೆ, ಹಳೆಯ ಸ್ಟೇಷನ್ನು, ಅದರೊಳಗೆ ಕಾಫಿ ತಿಂಡಿ ಸಿಗುವ ನಿವೆಸಳ ಬಾರು. ಎಡಕ್ಕಿಳಿದರೆ ಊರ ಚೌಕ, ಲೊರೆಟ್ಟಾಳ ಬಾರು. ಬಲಕ್ಕೆ, ಹಿಂದೆ ರೈಲ್ವೆ ಕೂಲಿಗಳು ನದಿಯಿಂದ ಜಲ್ಲಿ ಹೊರುತ್ತಿದ್ದ ಕಾಲುದಾರಿ, ಹಳೆಯ ನೆರೆಗೆ ದಡ ಕುಸಿದು ಅರ್ಧದಲ್ಲೇ ತುಂಡಾದದ್ದು. ಈ ಮೂರು ದಾರಿಗೆ ಪಂಚಾಯಿತಿ ನಿಲ್ಲಿಸಿದ್ದು ಒಂದೇ ಕಂಬ, ಒಂದೇ ಬೋರ್ಡು: ಊಟ, ನೀರು, ಕೊಠಡಿ, ಮುಂದೊಂದು ಬಾಣ. ಬಾಣ ಚೌಕದ ಕಡೆಗಿತ್ತು. ಜೂನ್ ತಿಂಗಳ ಮೊದಲ ವಾರ ನಿವೆಸ್ ಅದನ್ನು ಸೇತುವೆಯ ಕಡೆ ತಿರುಗಿಸಿದಳು. ಮರುದಿನ ಅದು ಚೌಕದ ಕಡೆ ತಿರುಗಿತ್ತು. ಅವಳು ಮತ್ತೆ ತಿರುಗಿಸಿದಳು. ಅದು ಮತ್ತೆ ತಿರುಗಿತು. ಜೂನ್, ಜುಲೈ, ಆಗಸ್ಟ್. ಅಕ್ಕತಂಗಿಯರು ಒಬ್ಬರನ್ನೊಬ್ಬರು ಮಾತಾಡಿಸಿ ನಾಲ್ಕು ವರ್ಷವಾಗಿತ್ತು, ಆದರೆ ದಿನಕ್ಕೊಂದು ಸಲ ಒಬ್ಬಳು ಮಾತಾಡುತ್ತಿದ್ದಳು, ಇನ್ನೊಬ್ಬಳು ಉತ್ತರ ಕೊಡುತ್ತಿದ್ದಳು. ಒಂದೂಕಾಲು ಇವಳ ಹೊತ್ತು, ಎರಡು ಗಂಟೆ ಅವಳ ಹೊತ್ತು. ಒಮ್ಮೆಯೂ ಎದುರಾಗಲಿಲ್ಲ. ಭೂಕಂಪದ ವರ್ಷ ಊರು ಪೂರ್ತಿ ನೆಲಕ್ಕೆ ಬಿದ್ದು, ಸ್ಟೇಷನ್ನಿನಲ್ಲಿ ನಿಲ್ಲಿಸಿದ್ದ ಸರಕು ಡಬ್ಬಿಗಳಲ್ಲಿ ಸಂಸಾರ ಹೂಡಿದ್ದಾಗ ಇಬ್ಬರಿಗೂ ಒಂದೇ ಕಂಬಳಿ. ಬೆಳಗಿನ ಜಾವದ ಚಳಿಗೆ ಲೊರೆಟ್ಟಾ ಎಳೆಯುವುದು, ಇವಳು ಎಳೆಯುವುದು, ಅಪ್ಪ ಏಳಬಾರದೆಂದು ಉಸಿರು ಕೂಡ ಬಿಡದೆ, ಕಣ್ಣು ಮುಚ್ಚಿಕೊಂಡೇ. ನಿದ್ದೆಯಲ್ಲಿದ್ದೇವೆಂದು ಇಬ್ಬರೂ ನಟಿಸುತ್ತಿದ್ದರು. ಕಂಬಳಿಯ ಉಣ್ಣೆಯ ವಾಸನೆಗೆ ಡಬ್ಬಿಯ ಗೋಡೆಯ ಕುರಿ ಗೊಬ್ಬರದ ವಾಸನೆ ಬೆರೆತು...

"ಸಿಗ್ನೋರಾ! ನೀರು ಸಿಗುತ್ತಾ?"

ಹತ್ತು ಗಂಟೆಯ ಮೊದಲ ಗುಂಪು ಬಂದಿತ್ತು. ಗಂಡ ಹೆಂಡತಿ, ಅರವತ್ತರ ಆಸುಪಾಸು, ತೊಡೆಗೆ ಅಂಟಿದ ಕಪ್ಪು ಚಡ್ಡಿ. ಹೆಂಡತಿ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕುಳಿತಳು. ಅರ್ಧ ಗಂಟೆಯ ಕೆಳಗೆ ನಿವೆಸ್ ಅದನ್ನು ಒರೆಸಿದ್ದಳು. ಅವರು ತಮ್ಮ ಚೀಲದಿಂದ ತಮ್ಮದೇ ಬ್ರೆಡ್ಡು, ತಮ್ಮದೇ ಚೀಸು ತೆಗೆದು ಅವಳ ಮೇಜಿನ ಮೇಲೆ ಹರಡಿ, ಒಂದು ಕಾಫಿ ತೆಗೆದುಕೊಂಡು ಇಬ್ಬರೂ ಹಂಚಿಕೊಂಡರು. ಮೂರು ಬಾಟಲಿ ತುಂಬಿಸಿಕೊಂಡರು. ಗಂಡ ಕಕ್ಕಸಿಗೆ ಹೋಗಿ ಬಂದು, "ಬಹಳ ಚೆಂದ, ಎಲ್ಲ ಹಳೇದು ಹಾಗೇ ಇದೆ," ಎಂದು ಹೊಗಳಿದ. ಟಿಕೆಟ್ ಕಿಟಕಿಯನ್ನು ಹೊಗಳಿದನೋ ಕಕ್ಕಸನ್ನೋ ತಿಳಿಯಲಿಲ್ಲ. ಹೆಂಡತಿ ಫೋನ್ ಎತ್ತಿ, ಕೇಳದೆಯೇ, ಬಾಗಿಲಲ್ಲಿ ನಿಂತಿದ್ದ ನಿವೆಸಳ ಫೋಟೋ ತೆಗೆದಳು. ಹಿಂದೆ ಬಿಳಿ ಸುಣ್ಣಕಲ್ಲಿನ ಬೆಟ್ಟ, ಕೆಳಗೆ ಫೆಲ್ಲಾ ನದಿಯ ಹಸಿರು ನೀರು, ನಡುವೆ ಎಪ್ರನ್ ಕಟ್ಟಿದ ಹೆಂಗಸು. ಆ ಫೋಟೋದಲ್ಲಿ ತಾನು ಎಷ್ಟು ಒಳ್ಳೆಯವಳಾಗಿ ಕಾಣಬಹುದು ಎನಿಸಿ ಅವಳ ಮೈ ಉರಿಯಿತು.

"ನಮ್ಮ ಕಡೆಯವ್ರೊಬ್ರು ಬಿದ್ದಿದ್ದು ಇಲ್ಲೇನಾ? ಗ್ರಾಜ್‌ನೋರು," ಎಂದು ಹೆಂಗಸು ಒಡಕು ಇಟಾಲಿಯನ್ನಿನಲ್ಲಿ ಕೇಳಿದಳು. "ಪೇಪರಲ್ಲಿ ಬಂದಿತ್ತು. ಯಾರೋ ಬೇಕಂತ ಬೋರ್ಡ್ ತಿರುಗಿಸಿದ್ರಂತೆ? ಎಂಥಾ ಜನ!"

"ಇಲ್ಲಲ್ಲ," ಎಂದಿತು ನಿವೆಸಳ ಬಾಯಿ. "ಅದು ಕೆಳಗಡೆ ಊರವ್ರು. ಚೌಕದಲ್ಲಿ ಒಬ್ಳಿದಾಳೆ."

"ಅಯ್ಯೋ. ಯಾಕಂತೆ?"

"ಗಿರಾಕಿ ಆಸೆಗೆ."

ಹೆಂಗಸು ತಲೆಯಾಡಿಸಿದಳು. ಗಂಡನಿಗೆ ತಮ್ಮ ಭಾಷೆಯಲ್ಲಿ ಹೇಳಿದಳು. ಇಬ್ಬರೂ ಅವಳನ್ನು ಕನಿಕರದಿಂದ ನೋಡಿದರು, ಅಂಥ ಊರಿನಲ್ಲಿ ಇಂಥ ಒಳ್ಳೆಯ ಹೆಂಗಸು ಹೇಗೆ ಬಾಳುತ್ತಾಳೋ ಅನ್ನುವ ಹಾಗೆ. ಇನ್ನೊಂದು ಕಾಫಿ ತರಿಸಿದರು. ಬಹುಶಃ ಅವಳಿಗೆ ಸಹಾಯವಾಗಲೆಂದು. ಹೊರಡುವಾಗ ಕೈಕುಲುಕಿದರು. ಅವರ ಕೈಗವಸಿಗೆ ಬೆರಳ ತುದಿ ಇರಲಿಲ್ಲ, ಹೊರಗಿದ್ದ ತುದಿಬೆರಳುಗಳು ಬೆಚ್ಚಗಿದ್ದವು. ಅವರು ಸಮುದ್ರದ ಕಡೆ ಹೋಗಿ ಮರೆಯಾದ ಮೇಲೂ ಅವಳು ಆ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡೇ ನಿಂತಿದ್ದಳು. ಚೌಕದಲ್ಲಿ ಒಬ್ಬಳಿದ್ದಾಳೆ. ಹೇಳುವಾಗ ನಾಲಿಗೆ ಒಂದಿಷ್ಟೂ ತೊಡರಲಿಲ್ಲವಲ್ಲ. ಇನ್ನು ಸಂಜೆಯವರೆಗೆ ಬರುವ ಪ್ರತಿಯೊಬ್ಬರೂ ಕೇಳುತ್ತಾರೆ, ಪ್ರತಿಯೊಬ್ಬರಿಗೂ ಹೇಳುತ್ತಾಳೆ, ನಾಳೆ, ನಾಡಿದ್ದು, ಮುಂದಿನ ಬೇಸಿಗೆ. ಹೇಳಿ ಹೇಳಿ ಅದು ಕಾಫಿಯ ಜೊತೆ ಕೊಡುವ ಬಿಸ್ಕತ್ತಿನ ಹಾಗೆ ಆಗಿಬಿಡುತ್ತದೆ.

ಬಿದ್ದವನಿಗೆ ಅರವತ್ತೇಳು ವರ್ಷವಂತೆ, ಮೇಷ್ಟರಾಗಿದ್ದವನಂತೆ. ಸೊಂಟದ ಮೂಳೆ ಎರಡು ಕಡೆ ಮುರಿದಿದೆ. ನದಿಯ ಬಿಳಿ ಕಲ್ಲುಗಳ ಮೇಲೆ, ಮೇಲಿನಿಂದ ಉದುರಿದ ತನ್ನ ಸೈಕಲ್ಲಿನ ಪಕ್ಕದಲ್ಲಿ, ನಲವತ್ತು ನಿಮಿಷ ಬಿಸಿಲಲ್ಲಿ ಬಿದ್ದಿದ್ದ. ಕೂಗಿದನಂತೆ. ಮಧ್ಯಾಹ್ನ ಕಣಿವೆಯೊಳಗೆ ಏಳುವ ಗಾಳಿ ಆ ಕೂಗನ್ನು ಮೇಲಕ್ಕೆ, ಬೆಟ್ಟದ ಕಡೆಗೆ ಒಯ್ದಿತು, ಊರ ಕಡೆಗಲ್ಲ. ಹೆಲಿಕಾಪ್ಟರಿನ ಸದ್ದು ಕೇಳಿದಾಗ ನಿವೆಸ್ ಲೋಟ ತೊಳೆಯುತ್ತಿದ್ದಳು. ಬೆಟ್ಟ ಹತ್ತುವವರು ಯಾರೋ ಬಿದ್ದರು ಅಂದುಕೊಂಡಳು. ನಿಜವಾಗಿ ಅಂದುಕೊಂಡಳು. ಬಾಣವನ್ನು ನದಿಯ ಕಡೆ ತಿರುಗಿಸುವಾಗ ಅವಳ ತಲೆಯಲ್ಲಿ ಸೈಕಲ್ಲಿನವರು ಇರಲೇ ಇಲ್ಲ. ಇದನ್ನು ಯಾರಿಗೆ ಹೇಳಿದರೆ ನಂಬುತ್ತಾರೆ? ಹಿಂದಿನ ದಿನ ಲೊರೆಟ್ಟಾ ಊರ ನಡುವೆ, ಅಂಚೆಯವಳ ಮುಂದೆ, "ಸ್ಟೇಷನ್ನಲ್ಲಿ ಈಗ ರೈಲೂ ಬರಲ್ಲ, ಗಂಡೂ ಬರಲ್ಲ," ಎಂದು ನಗೆಯಾಡಿದ್ದಳು. ಅದಕ್ಕೆ ಉತ್ತರ ಅದು. ನನಗೂ ಬೇಡ, ನಿನಗೂ ಬೇಡ, ಎಲ್ಲ ಹೊಳೆಗೆ ಹೋಗಲಿ. ಎರಡು ಗಂಟೆಗೆ ಲೊರೆಟ್ಟಾ ಬಂದು ಓದಿಕೊಳ್ಳಬೇಕಿತ್ತು, ಓದಿಕೊಂಡು ಮುಖ ಕೆಂಪಗೆ ಮಾಡಿಕೊಂಡು ತಿರುಗಿಸಬೇಕಿತ್ತು. ಮೂರು ತಿಂಗಳಿಂದ ಆ ಬಾಣ ಅವರಿಬ್ಬರ ನಡುವಿನ ಮಾತಾಗಿ ಎಷ್ಟು ಸವೆದುಹೋಗಿತ್ತೆಂದರೆ, ಅದನ್ನು ನೋಡಿ ಯಾರಾದರೂ ದಾರಿ ಹಿಡಿಯುತ್ತಾರೆ ಅನ್ನುವುದೇ ಅವಳಿಗೆ ಮರೆತುಹೋಗಿತ್ತು. ಕ್ಲಾವಿಸಿನಲ್ಲಿ ಹುಟ್ಟಿದವರು ಯಾರೂ ಬೋರ್ಡು ನೋಡಿ ನಡೆಯುವುದಿಲ್ಲ.

ಹನ್ನೆರಡು ಗಂಟೆಗೆ, ನಾಲ್ಕು ಸೈಕಲ್ಲುಗಳು ಸೇತುವೆಯ ಮೇಲೆ ಕಾಣಿಸಿಕೊಂಡಾಗ, ಅವಳು ಬಾಗಿಲು ಹಾಕಿ ಬೀಗ ತಿರುಗಿಸಿದಳು. ಹಗಲು ಹೊತ್ತು ಬೀಗ ಹಾಕಿದ್ದು ಒಂಬತ್ತು ವರ್ಷದಲ್ಲಿ ಮೊದಲ ಸಲ. "ಮುಚ್ಚಿದ್ಯಾ?" ಎಂದು ಒಬ್ಬ ಬ್ರೇಕು ಹಿಡಿದು ಕೇಳಿದ. "ಕಾಣ್ಸಲ್ವಾ?" ಎಂದಳು. ಅವರ ಎದುರಿನಿಂದಲೇ, ದಾರಿಯ ನಟ್ಟನಡುವೆ, ಪಕ್ಕಕ್ಕೆ ಸರಿಯದೆ ನಡೆದಳು. ಅವರು ಗಂಟೆ ಬಾರಿಸಿದರು. ಬಾರಿಸಲಿ. ಸೇತುವೆಯ ಕಂಬಿಗಳ ನಡುವೆ ಕೆಳಗೆ ನೀರು ಹೊಳೆಯುತ್ತಿತ್ತು. ಅಪ್ಪ ಹಳಿ ಪರೀಕ್ಷೆಗೆ ದಿನಾ ಇದೇ ಸೇತುವೆಯ ಮೇಲೆ, ಒಂದೊಂದು ಬೋಲ್ಟಿಗೂ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ನಡೆಯುತ್ತಿದ್ದ. ಸಡಿಲ ಬೋಲ್ಟು ಬೇರೆ ಥರ ಕೂಗುತ್ತದೆ ಅನ್ನುತ್ತಿದ್ದ. ಸುರಂಗದ ಬಾಯಲ್ಲಿ ಈಗ ಕಂಬ ಮಾತ್ರ ಇತ್ತು. ಬೋರ್ಡನ್ನು ಠಾಣೆಯವರು ಬಿಚ್ಚಿಕೊಂಡು ಹೋಗಿದ್ದರು, ನದಿಯ ಕಾಲುದಾರಿಗೆ ಕೆಂಪು ಬಿಳಿ ಪಟ್ಟಿ ಕಟ್ಟಿದ್ದರು. ಪಟ್ಟಿಯಾಚೆ ಬಗ್ಗಿ ನೋಡಬೇಕೆಂದುಕೊಂಡು ನಿಂತಳು. ನೋಡಲಿಲ್ಲ. ಅವಳ ಸ್ಟೇಷನ್ನು ಅವಳದಲ್ಲ, ಪಂಚಾಯಿತಿಯದು. ವರ್ಷಕ್ಕೊಮ್ಮೆ ಬಾಡಿಗೆ ಕಾಗದ ಮಾಡಿಕೊಡುತ್ತಾರೆ, ಪೊಲೀಸ್ ಕೇಸಿರುವವರಿಗೆ ಮಾಡಿಕೊಡುವುದಿಲ್ಲ. ಮೇಲಿನ ಕೋಣೆ, ಮಲಗುವ ಮಂಚ, ಒಲೆ, ಎಲ್ಲ ಆ ಕಾಗದದ ಮೇಲೆ ನಿಂತಿದೆ. ಲೊರೆಟ್ಟಾಳಿಗೇನು, ಸ್ವಂತ ಮನೆ, ಗಂಡನ ತಾತನ ಕಾಲದ ಸ್ವಂತ ಬಾರು. ನಿಜ ಹೇಳಬೇಕಾದರೂ ಕಾಲ ಕೆಳಗೆ ಸ್ವಂತ ಜಾಗ ಬೇಕು. ಸುಳ್ಳು ಹೇಳಿ ದೊಡ್ಡವಳಾಗಬೇಕಾದರಂತೂ ಇನ್ನೂ ಬೇಕು.

ಚೌಕದ ಬಾರಿನ ಹಿಂಬಾಗಿಲು ತೆರೆದಿತ್ತು. ಲೊರೆಟ್ಟಾ ಒಲೆಯ ಮುಂದೆ ನಿಂತು ಬಾಣಲೆಯಲ್ಲಿ ಚೀಸು ಆಲೂಗಡ್ಡೆಯ ಫ್ರೀಕೊ ಹುರಿಯುತ್ತಿದ್ದಳು. ದಪ್ಪಗಾಗಿದ್ದಳು. ನಾಲ್ಕು ವರ್ಷದಿಂದ ದೂರದಿಂದಷ್ಟೇ ನೋಡಿದ್ದರಿಂದ ಕತ್ತಿನ ಹಿಂದಿನ ನರೆ ಗೊತ್ತಾಗಿರಲಿಲ್ಲ.

"ಬಂದ್ಯಾ," ಎಂದಳು ಲೊರೆಟ್ಟಾ, ತಿರುಗದೆ. "ಎಂಟುನೂರು ಮೀಟರ್ ಇಳ್ಯೋಕೆ ಮೂರು ದಿನ ಬೇಕಾಯ್ತು ಮಹಾರಾಣಿಗೆ. ಬಾಗ್ಲು ಹಾಕು, ನೊಣ ಬರುತ್ತೆ."

"ಯಾಕೆ ಹೇಳ್ದೆ?"

"ಯಾವ್ದು?"

"ಆಟ ಆಡ್ಬೇಡ. ತಿರುಗ್ಸಿದ್ದು ನಾನು."

"ಗೊತ್ತು. ನಿಂಗೆ ಬಿಟ್ರೆ ಇನ್ಯಾರಿಗೆ ಅಷ್ಟು ಕೊಬ್ಬು."

"ಮತ್ತೆ? ನನ್ನ ಸ್ಟೇಷನ್ ಉಳಿಸೋಕಾ? ನಿನ್ನ ಭಿಕ್ಷೆ ಬೇಡ ನಂಗೆ."

ಲೊರೆಟ್ಟಾ ಈಗ ತಿರುಗಿದಳು. ನಕ್ಕಳು. ಆ ನಗು ನಿವೆಸಳಿಗೆ ಚಿಕ್ಕಂದಿನಿಂದ ಗೊತ್ತಿದ್ದ ನಗುವಲ್ಲ, ಮುಖದ ಅರ್ಧ ಮಾತ್ರ ನಕ್ಕಿತ್ತು. "ನಿನ್ನ ಸ್ಟೇಷನ್ನಿಗೆ ಬೆಂಕಿ ಬೀಳ್ಲಿ. ನಿಂಗೋಸ್ಕರ ಅಂದ್ಕೊಂಡ್ಯಾ? ನಿನ್ನ ತಲೇಲಿ ಯಾವಾಗ್ಲೂ ನೀನೇ. ಪಕ್ಕದಲ್ಲಿ ಇನ್ನೊಬ್ರು ಇರ್ತಾರೆ ಅಂತ ಯಾವತ್ತಾದ್ರೂ ಹೊಳ್ದಿದ್ಯಾ?"

"ಹೇಳು ಮತ್ತೆ."

"ಎರಡು ಗಂಟೆಗೆ ನಾನು ಮೇಲೆ ಬಂದೆ. ದಿನಾ ಬರೋ ಹಂಗೆ." ಲೊರೆಟ್ಟಾ ಒಲೆ ಆರಿಸಿದಳು. ಎಣ್ಣೆಯ ಚುಯ್ ಸದ್ದು ನಿಂತು ಅಡುಗೆಮನೆ ಏಕಾಏಕಿ ದೊಡ್ಡದಾಯಿತು. "ಬಾಣ ಹೊಳೆ ಕಡೆ ಇತ್ತು. ಓಹೋ, ಹಾಳಾಗಿ ಹೋಗು ಅಂತಿದಾಳೆ ಅಂದ್ಕೊಂಡೆ. ನಗು ಬಂತು ಕಣೇ. ಒಬ್ಳೇ ನಿಂತು ನಕ್ಕೆ. ತಿರುಗ್ಸೋಕೆ ಕೈ ಹಾಕಿದ್ರೆ ತಗಡು ಸುಡ್ತಿತ್ತು. ಬಿಡು, ಹಂಗೇ ಇರ್ಲಿ, ನಾಳೆ ಅವ್ಳೇ ಬಂದು ನೋಡ್ಲಿ, ನಾನು ತಿರುಗಿಸ್ಲಿಲ್ಲ ಅಂತ ಅವ್ಳಿಗೇ ಹೊಟ್ಟೆ ಉರೀಲಿ ಅಂತ ಬಿಟ್ಟು ಹೊರಟೆ. ನಾಲ್ಕು ಹೆಜ್ಜೆ ಇಳಿದಿದ್ದೆ, ಅಷ್ಟೇ. ಅವ್ನು ಸುರಂಗದಿಂದ ಬಂದ."

"ಯಾರು?"

"ಯಾರಂದ್ರೆ? ಪೋಪು! ಅವ್ನೇ. ಗಂಟೆ ಹೊಡ್ದ. ನಮಸ್ಕಾರ ಮಾಡ್ದ. ಕನ್ನಡಕ ಹಣೆ ಮೇಲಿತ್ತು. ನಾನೂ ಮಾಂಡಿ ಅಂದೆ. ಬೋರ್ಡ್ ನೋಡ್ದ. ನಾನು ಕೆಳಗಿಳಿದು ಬಂದೆ."

ಕೇಳಿಸಿಕೊಂಡದ್ದು ತನಗೆ ಸಿಕ್ಕ ದೊಡ್ಡ ಆಯುಧವೆಂದು ನಿವೆಸಳಿಗೆ ಒಂದು ಕ್ಷಣ ಅನ್ನಿಸಿತು. ಅವಳ ಒಳಗಿನ ಯಾವುದೋ ಹಳೆಯ ಹುಡುಗಿ ಕೈ ಚಾಚಿ ಅದನ್ನು ಹಿಡಿಯಲು ಹೋದಳು. ಲೊರೆಟ್ಟಾಳಿಗೆ ಗೊತ್ತಿತ್ತು, ಕಣ್ಣಾರೆ ಕಂಡಿದ್ದಳು, ಬಿಟ್ಟು ಬಂದಳು. ಆದರೆ ಹಿಡಿದರೆ ಸುಡುತ್ತಿತ್ತು ಅದು. ಯಾವ ಕಡೆಯಿಂದ ಹಿಡಿದರೂ.

"ನೀನು ಬಿಟ್ಟು ಬಂದದ್ದು ಅಷ್ಟೇ," ಎಂದಳು ಕೊನೆಗೆ, ಯಾಕೆ ಹಾಗೆ ಹೇಳುತ್ತಿದ್ದೇನೆಂದು ತಿಳಿಯದೆ. "ಮಾಡಿದ್ದು ನಾನು."

"ಅವ್ನು ನಿನ್ನ ಮುಂದೆ ಹೋದ್ನಾ? ನನ್ನ ಮುಂದೆ ಹೋದ."

"ನಾನು ತಿರುಗಿಸ್ದೆ ಇದ್ದಿದ್ರೆ ಹೋಗ್ತಿದ್ನಾ?"

"ನಾನೊಂದು ಕೂಗು ಹಾಕಿದ್ರೆ ಹೋಗ್ತಿದ್ನಾ? ಇದ್ರಲ್ಲೂ ನೀನೇ ಮುಂದೆ ಇರ್ಬೇಕಾ?"

"ಹಂಗಾದ್ರೆ ಠಾಣೇಲಿ ನೋಡ್ದೆ, ಬಿಟ್ಟು ಬಂದೆ ಅಂತಾನೇ ಹೇಳ್ಬೇಕಿತ್ತು. ತಿರುಗಿಸ್ದೆ ಅಂತ ಯಾಕೆ ಬೊಗಳ್ದೆ?"

"ಹೇಳ್ದೆ. ಮೊದ್ಲು ಹಂಗೇ ಹೇಳ್ದೆ." ಲೊರೆಟ್ಟಾ ಸ್ಟೂಲಿನ ಮೇಲೆ ಕುಸಿದು ಕೂತಳು, ಮೊಣಕಾಲನ್ನು ಅಂಗೈಯಿಂದ ತಿಕ್ಕಿಕೊಂಡಳು. "ನೋಡಿದ್ದು ಅಪರಾಧ ಅಲ್ಲ ಸಿಗ್ನೋರಾ, ಮನೆಗೆ ಹೋಗಿ ಮಲಗಿ ಅಂದ ಆ ಮಾರೆಶಾಲ್ಲೊ. ಬಿಟ್ಟು ಬಂದೋರನ್ನ ಬರ್ಕೊಳ್ಳೋಕೆ ಅವ್ನ ಕಾಗ್ದದಲ್ಲಿ ಜಾಗಾನೇ ಇಲ್ವಂತೆ. ಮನೆಗೆ ಬಂದು ಮಲಗು ಅಂದ್ರೆ ಎಲ್ಲಿಂದ ಮಲಗ್ಲಿ? ಅದಕ್ಕೇ, ತಿರುಗ್ಸಿದ್ದೂ ನಾನೇ ಅಂದೆ. ಆಗ ಪೆನ್ನು ಎತ್ಕೊಂಡ."

ಚೌಕದಲ್ಲಿ ಸೈಕಲ್ಲುಗಳು ನಿಂತ ಸದ್ದು, ಪರಭಾಷೆಯ ನಗು, ಕುರ್ಚಿ ಎಳೆದ ಸದ್ದು. ಯಾರೋ ಮುಂಬಾಗಿಲಲ್ಲಿ "ಹಲೋ?" ಎಂದರು. ಮತ್ತೆ "ಹಲೋ?" ಎಂದರು. "ಮುಚ್ಚಿದೆ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಹಾಗೆ ಒಟ್ಟಿಗೆ ಕೂಗಿದ್ದಕ್ಕೆ ಇಬ್ಬರಿಗೂ ಒಂದೇ ಥರದ ಅಸಹ್ಯವಾಯಿತು, ಮುಖ ಬೇರೆ ಕಡೆ ತಿರುಗಿಸಿಕೊಂಡರು. ಬಾಣಲೆಯಲ್ಲಿ ಫ್ರೀಕೊ ತಣ್ಣಗಾಗುತ್ತ, ಅಂಚಿನಲ್ಲಿ ಜಿಡ್ಡು ಬಿಳಿಯಾಗಿ ಕಟ್ಟುತ್ತಿತ್ತು.

"ಇನ್ನೂ ಸಹಿ ಹಾಕಿಲ್ಲ," ಎಂದಳು ಲೊರೆಟ್ಟಾ. "ನಾಳೆ ಒಂಬತ್ತಕ್ಕೆ ಸುರಂಗದಾಚೆ ಠಾಣೆಗೆ ಬರೋಕೆ ಹೇಳಿದಾನೆ, ಟೈಪ್ ಮಾಡಿಸಿಟ್ಟಿರ್ತಾನಂತೆ. ಆ ಮೇಷ್ಟ್ರ ಹೆಂಡ್ತೀನೂ ಬರ್ತಾಳಂತೆ."

"ಅವ್ಳು ಯಾಕೆ?"

"ನೋಡೋಕೆ. ಯಾರು ಅಂತ ನೋಡ್ಬೇಕಂತೆ, ಅಷ್ಟೇ. ಇನ್ನೇನೂ ಬೇಡ ಅಂದ್ಲಂತೆ."

ಬೆಳಿಗ್ಗೆ ಕೈಕುಲುಕಿದ ಬೆಚ್ಚಗಿನ ತುದಿಬೆರಳುಗಳು. ನಾಳೆ ಆ ಮೇಷ್ಟರ ಹೆಂಡತಿ ಲೊರೆಟ್ಟಾಳ ಮುಖವನ್ನು ನೋಡುತ್ತಾಳೆ, ಈ ದಪ್ಪ, ಬೆವತ, ಅರ್ಧ ನಗುವ ಮುಖವನ್ನು. ಜೀವಮಾನವೆಲ್ಲ ನೆನಪಿಟ್ಟುಕೊಂಡು ದ್ವೇಷಿಸುತ್ತಾಳೆ. ಗಂಡ ಕೋಲೂರಿ ಕಕ್ಕಸಿಗೆ ಹೋಗುವಾಗಲೆಲ್ಲ ಲೊರೆಟ್ಟಾಳ ಮುಖ ನೆನೆಸಿಕೊಳ್ಳುತ್ತಾಳೆ. ನಾನು ಸ್ಟೇಷನ್ನಿನಲ್ಲಿ ಲೋಟ ತೊಳೆಯುತ್ತಿರುತ್ತೇನೆ. ನಿವೆಸಳಿಗೆ ಅದು ಸಹಿಸಲಾಗದಷ್ಟು ಅನ್ಯಾಯವಾಗಿ ಕಂಡಿತು, ಯಾರಿಗೆ ಅನ್ಯಾಯವೆಂದು ಮಾತ್ರ ಸ್ಪಷ್ಟವಾಗಲಿಲ್ಲ.

"ನಾನು ಬಂದು ಹೇಳಿದ್ರೆ ಸ್ಟೇಷನ್ ಹೋಗುತ್ತೆ," ಎಂದಳು.

"ಹೋಗುತ್ತೆ."

ಲೊರೆಟ್ಟಾ ನನ್ನ ಮನೆಗೆ ಬಾ ಅನ್ನಲಿಲ್ಲ, ಬರಬೇಡ ಅನ್ನಲಿಲ್ಲ. ಅನ್ನದಿದ್ದುದಕ್ಕೆ ನಿವೆಸಳಿಗೆ ಒಂದು ಬಗೆಯ ಬಲ ಬಂದ ಹಾಗಾಯಿತು. ಅಂದಿದ್ದರೆ ಈಗಲೇ ಬಾಗಿಲು ಬಡಿದುಕೊಂಡು ಹೊರಟುಬಿಡುತ್ತಿದ್ದಳು.

"ಬಸ್ಸು ಎಷ್ಟೊತ್ತಿಗೆ?"

"ಆ ಹೊತ್ತಿಗೆ ಯಾವ ಬಸ್ಸೂ ಇಲ್ಲ. ಸೈಕಲ್ ಇದ್ಯಾ ನಿನ್ನತ್ರ?"

"ಇಲ್ಲ."

"ಒಂಬತ್ತು ವರ್ಷದಿಂದ ಊರೋರ ಟೈರಿಗೆಲ್ಲ ಗಾಳಿ ಹೊಡೀತೀಯ, ಒಂದು ಸೈಕಲ್ ಇಲ್ಲ."

"ನಿನ್ನತ್ರ ಇದ್ಯಾ?"

"ಈ ಮೊಣಕಾಲಿಗಾ?" ಲೊರೆಟ್ಟಾ ಎದ್ದು, ಬಾಣಲೆಯ ಜಿಡ್ಡು ನೋಡಿ ಮುಖ ಕಿವುಚಿ, ಅದನ್ನು ಹಾಗೇ ತೊಟ್ಟಿಗೆ ಇಳಿಸಿದಳು. "ಸುರಂಗದೊಳಗಿಂದ ನಡ್ದೇ ಹೋಗೋದು. ಐದು ಕಿಲೋಮೀಟರ್. ಏಳೂ ಮುಕ್ಕಾಲಿಗೆ ಈ ಬಾಗ್ಲಲ್ಲಿ ಇರು. ತಡ ಮಾಡಿದ್ರೆ ನಾನು ಕಾಯಲ್ಲ. ಹೋಗಿ ಎಲ್ಲಾ ನಂದೇ ಅಂತ ಸಹಿ ಹಾಕ್ಬಿಡ್ತೀನಿ."

"ಏಳೂವರೆಗೇ ಇರ್ತೀನಿ," ಎಂದಳು ನಿವೆಸ್.